ಮೈಕ್ ಸೆಟ್, ರೇಡಿಯೋ ಕರಕರ ಎಂದರೆ ಕೊಬ್ಬರಿ ಎಣ್ಣೆ, ಪೆಟ್ರೋಲ್, ಸ್ಯಾನಿಟೈಸರ್ ಹಾಕಬಹುದೇ?

ಊರ ಹಬ್ಬ ಹತ್ತಿರ ಬಂದಾಗ ಭಜನೆ ಮಂದಿರದ ಬೀರುವಿನಿಂದ ಆಂಪ್ಲಿಫೈಯರ್ ಹೊರಗೆ ಬರುತ್ತದೆ. ತಿಂಗಳುಗಟ್ಟಲೆ ಮುಟ್ಟದೆ ಇಟ್ಟಿದ್ದ ಅದಕ್ಕೆ ಕರೆಂಟ್ ಕೊಟ್ಟು ವಾಲ್ಯೂಮ್ ತಿರುಗಿಸಿದರೆ ಹಾರ್ನ್‌ನಲ್ಲಿ ಮೊದಲು ಕೇಳಿಸುವುದು ದೇವರ ನಾಮವಲ್ಲ, ‘ಕರಕರ, ಟರ್‌ರ್’ ಎಂಬ ಸದ್ದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಈ ಸದ್ದು ಕೇಳದವರು ಕಡಿಮೆ. ಅಜ್ಜನ ರೇಡಿಯೋ, ಮನೆಯ ಹೋಮ್ ಥಿಯೇಟರ್, ಶಾಮಿಯಾನ ಅಂಗಡಿಯ ಮಿಕ್ಸರ್, ಮಾವಿನ ಸುಗ್ಗಿಯಲ್ಲಿ ಆಟೋ ಮೇಲೆ ಕಟ್ಟಿಕೊಂಡು ಸುತ್ತುವ ಮೈಕ್, ಎಲ್ಲದರ ಕಾಯಿಲೆ ಇದೇ.

ಇದಕ್ಕೆ ವಾಟ್ಸಾಪ್‌ನಲ್ಲಿ ಮದ್ದುಗಳು ಬೇಕಾದಷ್ಟು ಸಿಗುತ್ತವೆ. ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಡಿ, ಪೆಟ್ರೋಲ್‌ನಲ್ಲಿ ತೊಳೆಯಿರಿ, ಸ್ಯಾನಿಟೈಸರ್ ಹೊಡೆಯಿರಿ, ಪಿನ್‌ಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ, ಹುಣಸೆಹಣ್ಣಿನಲ್ಲಿ ಬೆಳಗಿ. ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು, ಯಾವುದು ಅಪಾಯ ಎಂದು ನಾವು ಇಲ್ಲಿ ಒಂದೊಂದಾಗಿ ನೋಡಿದ್ದೇವೆ.

ಚುಟುಕಾಗಿ ಉತ್ತರ

ನಾಬ್ ತಿರುಗಿಸಿದಾಗ ಮಾತ್ರ ಕರಕರ ಎಂದರೆ ಬಹುತೇಕ ಅದು ಒಳಗಿನ ಕೊಳೆ. ಕರೆಂಟ್ ತೆಗೆದು ನಾಬ್ ಅನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿದರೆ ಎಷ್ಟೋ ಸೆಟ್‌ಗಳು ಖರ್ಚಿಲ್ಲದೆ ಸರಿಯಾಗುತ್ತವೆ. ಆಗದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪವೇ ಸಾಕು. ಮೇಲೆ ಹೇಳಿದ ಮನೆಮದ್ದುಗಳಲ್ಲಿ ಒಂದೂ ಬೇಡ. ಆದರೆ ಮೈಕ್ ಹಿಡಿದಾಗ ಜುಮ್ ಎಂದರೆ ಅದು ಕೊಳೆಯಲ್ಲ. ಅದನ್ನು ಒರೆಸಿ ಸರಿ ಮಾಡಲು ಹೋಗಬೇಡಿ, ಸೆಟ್ ಆಫ್ ಮಾಡಿ.

ಕರಕರ ಸದ್ದು ಎಲ್ಲಿಂದ ಬರುತ್ತದೆ?

ವಾಲ್ಯೂಮ್ ನಾಬ್‌ನ ಹಿಂದೆ ಒಂದು ರೂಪಾಯಿ ನಾಣ್ಯದಷ್ಟಗಲದ ಪುಟ್ಟ ಡಬ್ಬಿ ಇರುತ್ತದೆ. ಅಂಗಡಿಯವರು ಇದನ್ನೇ ‘ವಾಲ್ಯೂಮ್ ಕಂಟ್ರೋಲ್’ ಅಥವಾ ‘ಪಾಟ್’ ಎನ್ನುತ್ತಾರೆ. ಅದರೊಳಗೆ ಕುದುರೆ ಲಾಳದ ಆಕಾರದ ಕಪ್ಪು ಕಾರ್ಬನ್ ಪಟ್ಟಿ ಇದೆ. ನೀವು ನಾಬ್ ತಿರುಗಿಸಿದಂತೆ ಲೋಹದ ಸಣ್ಣ ಬೆರಳೊಂದು ಆ ಪಟ್ಟಿಯ ಮೇಲೆ ಜಾರುತ್ತದೆ. ಬೆರಳು ಎಲ್ಲಿ ನಿಲ್ಲುತ್ತದೆ ಎನ್ನುವುದರ ಮೇಲೆ ಸದ್ದು ಹೆಚ್ಚು ಅಥವಾ ಕಡಿಮೆ.

ಬೆರಳು ಮತ್ತು ಪಟ್ಟಿಯ ನಡುವೆ ಧೂಳು, ಜಿಡ್ಡು, ಸವೆದ ಕಾರ್ಬನ್ ಪುಡಿ ಸೇರಿಕೊಂಡರೆ ಬೆರಳು ಸಲೀಸಾಗಿ ಜಾರುವುದಿಲ್ಲ. ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು ಸಾಗುತ್ತದೆ. ಹಳ್ಳ ಬಿದ್ದ ರಸ್ತೆಯಲ್ಲಿ ಸೈಕಲ್ ಹೋದ ಹಾಗೆ. ಪ್ರತಿ ಕುಲುಕಾಟವೂ ವಿದ್ಯುತ್ತಿನಲ್ಲಿ ಒಂದು ಸಣ್ಣ ಜಿಗಿತ. ಮೈಕ್‌ನಿಂದ ಬರುವ ಸಂಕೇತವೇ ವೋಲ್ಟ್‌ನ ಸಾವಿರದಲ್ಲಿ ಕೆಲವು ಪಾಲು ಮಾತ್ರ. ಅದನ್ನು ಊರಿಗೆಲ್ಲ ಕೇಳುವಷ್ಟು ದೊಡ್ಡದು ಮಾಡುವ ಆಂಪ್ಲಿಫೈಯರ್, ಈ ಸಣ್ಣ ಜಿಗಿತವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಅದೇ ಕರಕರ.

ಸ್ವಿಚ್, ಜ್ಯಾಕ್, ಮೈಕ್ ಪಿನ್, ರೇಡಿಯೋದ ಬ್ಯಾಂಡ್ ಬದಲಿಸುವ ಗುಂಡಿ ಇವುಗಳಲ್ಲಿ ಕಾರ್ಬನ್ ಪಟ್ಟಿ ಇರುವುದಿಲ್ಲ. ಅಲ್ಲಿ ಲೋಹಕ್ಕೆ ಲೋಹ ತಾಗಬೇಕು. ತಾಗುವ ಜಾಗದಲ್ಲಿ ಕಿಲುಬು ಹಿಡಿದರೆ ಸದ್ದು ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ನಾವು ‘ಲೂಸ್ ಕಾಂಟ್ಯಾಕ್ಟ್’ ಎನ್ನುವುದು ಎಷ್ಟೋ ಸಲ ಸಡಿಲವಾದ ವೈರ್ ಅಲ್ಲ, ಈ ಕಿಲುಬೇ.

ಕಾಲ್ಗೆಜ್ಜೆ ಕಪ್ಪಾಗುತ್ತದೆ, ತಾಳಿ ಏಕೆ ಕಪ್ಪಾಗುವುದಿಲ್ಲ?

ಕಿಲುಬು ಹೇಗೆ ಹಿಡಿಯುತ್ತದೆ ಎಂದು ತಿಳಿಯಲು ಮನೆಯೊಳಗೆ ನೋಡಿದರೆ ಸಾಕು. ತಾಮ್ರದ ಚೊಂಬು ಕೆಲವೇ ದಿನಗಳಲ್ಲಿ ಮಂಕಾಗುತ್ತದೆ, ಬಿಟ್ಟರೆ ಹಸಿರುಗಟ್ಟುತ್ತದೆ. ಗಾಳಿಯ ಆಮ್ಲಜನಕ ಮತ್ತು ತೇವ ತಾಮ್ರದ ಜೊತೆ ಸೇರುವುದೇ ಇದಕ್ಕೆ ಕಾರಣ. ಬೆಳ್ಳಿ ಕಾಲ್ಗೆಜ್ಜೆ ಕಪ್ಪಾಗುತ್ತದೆ, ಏಕೆಂದರೆ ಗಾಳಿಯಲ್ಲಿರುವ ಗಂಧಕದ ಅನಿಲಗಳು ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದರ ಕಟ್ಟುತ್ತವೆ. ಚರಂಡಿ, ಕೊಳೆಯುವ ಕಸ, ರಬ್ಬರ್ ಇವೆಲ್ಲದರಿಂದ ಇಂಥ ಅನಿಲ ಬರುತ್ತದೆ. ಹಳೆಯ ಸೆಟ್‌ಗಳ ಸ್ವಿಚ್‌ಗಳಲ್ಲಿ ಬೆಳ್ಳಿಯ ಲೇಪ ಇರುವುದು ಸಾಮಾನ್ಯ. ಗೆಜ್ಜೆಗೆ ಆದದ್ದೇ ಅದಕ್ಕೂ ಆಗುತ್ತದೆ. ಮೈಕ್ ವೈರ್ ಸುತ್ತಿ ಪಿನ್ ಮೇಲೆಯೇ ರಬ್ಬರ್ ಬ್ಯಾಂಡ್ ಹಾಕಿಡಬಾರದು ಎನ್ನುವುದು ಇದಕ್ಕೇ.

ತಾಳಿಯ ಚಿನ್ನ ಮಾತ್ರ ಹಾಗೇ ಉಳಿಯುತ್ತದೆ. ಚಿನ್ನ ಆಮ್ಲಜನಕದ ಜೊತೆಗೂ ಗಂಧಕದ ಜೊತೆಗೂ ಸುಲಭವಾಗಿ ಸೇರುವುದಿಲ್ಲ. ಈ ಗುಣವನ್ನು ಕೋಲಾರ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಕೆಜಿಎಫ್‌ನಲ್ಲಿ 1880ರಿಂದ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೆ 800 ಟನ್‌ಗೂ ಹೆಚ್ಚು ಚಿನ್ನ ಹೊರಬಂತು. ಆ ಗಣಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರಕ್ಕೆ ವಿದ್ಯುತ್ ಲೈನ್ ಎಳೆಯಲಾಯಿತು. ಇಂದು ಅದೇ ಚಿನ್ನ ತೀರಾ ತೆಳುವಾದ ಲೇಪವಾಗಿ ಒಳ್ಳೆಯ ಮೈಕ್ ಪಿನ್‌ಗಳಲ್ಲಿ, ನಿಮ್ಮ ಕೈಯಲ್ಲಿರುವ ಫೋನಿನ ಸಿಮ್ ಕಾರ್ಡ್ ಮೇಲೆ ಹಳದಿಯಾಗಿ ಕಾಣುತ್ತದೆ.

ಎಷ್ಟು ತೆಳು ಎನ್ನುವುದನ್ನು ನೆನಪಿಡಿ. ನಮ್ಮ ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 50ರಿಂದ 100 ಮೈಕ್ರಾನ್. ಪಿನ್ ಮೇಲಿನ ಚಿನ್ನದ ಲೇಪ ಸಾಮಾನ್ಯವಾಗಿ ಒಂದು ಮೈಕ್ರಾನ್ ಆಸುಪಾಸು, ಅನೇಕ ಸಲ ಅದಕ್ಕೂ ಕಡಿಮೆ. ಒಮ್ಮೆ ಜೋರಾಗಿ ಉಜ್ಜಿದರೆ ಹೋಯಿತು. ಮುಂದಿನ ಮಾತುಗಳೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿವೆ.

ಫಾರ್ವರ್ಡ್ ಮದ್ದುಗಳು: ಒಂದೊಂದಾಗಿ

1. ‘ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ’

ಅರ್ಧ ನಿಜ, ಅದಕ್ಕೇ ಜನ ನಂಬುತ್ತಾರೆ. ಎಣ್ಣೆ ಬಿಟ್ಟು ನಾಬ್ ತಿರುಗಿಸಿದರೆ ಕೊಳೆ ಪಕ್ಕಕ್ಕೆ ಸರಿದು ಸದ್ದು ಆ ದಿನಕ್ಕೆ ನಿಲ್ಲಬಹುದು. ಅದರಲ್ಲಿ ಹೆಚ್ಚು ಪಾಲು ಕೆಲಸ ಮಾಡಿದ್ದು ನೀವು ತಿರುಗಿಸಿದ್ದು, ಎಣ್ಣೆಯಲ್ಲ. ಆಮೇಲೆ ಶುರುವಾಗುತ್ತದೆ ತೊಂದರೆ. ಎಣ್ಣೆ ಆರುವುದಿಲ್ಲ, ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಟ್ಟಿಗೆ, ಹೆಂಚಿನ ಕೆಲಸಕ್ಕೆ ಹೆಸರಾದ ಮಾಲೂರಿನ ಕಡೆಯ ನುಣ್ಣನೆಯ ಕೆಂಪು ಧೂಳನ್ನು ನೆನೆಸಿಕೊಳ್ಳಿ. ಮಣ್ಣಿನ ಆ ಕಣಗಳು ಗಟ್ಟಿ. ಎಣ್ಣೆಯ ಜೊತೆ ಸೇರಿದರೆ ಅದು ಸಾಣೆ ಹಿಡಿಯುವ ಪೇಸ್ಟ್ ಆಗಿ ಕಾರ್ಬನ್ ಪಟ್ಟಿಯನ್ನೇ ತಿನ್ನುತ್ತದೆ. ಇನ್ನೂ ಒಂದು ವಿಷಯ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಾರ್ಗಶಿರದ ಚಳಿಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ವಾಲ್ಯೂಮ್ ಕಂಟ್ರೋಲ್ ಒಳಗೂ ಹೆಪ್ಪುಗಟ್ಟುತ್ತದೆ.

2. ‘ಪೆಟ್ರೋಲ್‌ನಲ್ಲಿ ತೊಳೆದರೆ ಹೊಸದರಂತೆ ಆಗುತ್ತದೆ’

ಅಪಾಯ. ಇಂಥ ಸಂದೇಶವನ್ನು ಮುಂದೆ ಕಳಿಸಲೇಬೇಡಿ. ಪೆಟ್ರೋಲ್ ಆವಿ ಮೈನಸ್ 40 ಡಿಗ್ರಿಯಷ್ಟು ತಣ್ಣನೆಯಲ್ಲೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ಸೆಟ್‌ನ ಡಬ್ಬಿಯೊಳಗೆ, ನೆಲದ ಮಟ್ಟದಲ್ಲಿ ಉಳಿಯುತ್ತದೆ. ಸ್ವಿಚ್ ಹಾಕುವಾಗ ಹಾರುವ ಸಣ್ಣ ಕಿಡಿ ಅದಕ್ಕೆ ಸಾಕು. ಭಜನೆ ಮಂದಿರದಲ್ಲಾದರೆ ದೀಪವೂ ಪಕ್ಕದಲ್ಲೇ ಉರಿಯುತ್ತಿರುತ್ತದೆ. ಸೀಮೆಎಣ್ಣೆ ಅಷ್ಟು ಬೇಗ ಹೊತ್ತಿಕೊಳ್ಳದಿದ್ದರೂ ಜಿಡ್ಡು ಉಳಿಸುತ್ತದೆ. ಪೇಂಟ್ ಥಿನ್ನರ್ ಮತ್ತು ಉಗುರಿನ ಬಣ್ಣ ತೆಗೆಯುವ ದ್ರವ ಪ್ಲಾಸ್ಟಿಕ್ ಭಾಗಗಳನ್ನೇ ಕರಗಿಸಬಲ್ಲವು.

3. ‘ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಇದೆ, ಅದೇ ಕ್ಲೀನರ್’

ತಪ್ಪು. ಆಲ್ಕೋಹಾಲ್ ಇರುವುದು ನಿಜ. ಆದರೆ ಅದರ ಜೊತೆ ಏನಿದೆ ಎಂದು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಒಂದು ಸೂತ್ರದಲ್ಲಿ ಶೇ 80ರಷ್ಟು ಎಥನಾಲ್ ಜೊತೆಗೆ ಶೇ 1.45ರಷ್ಟು ಗ್ಲಿಸರಿನ್, ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್, ಉಳಿದಂತೆ ನೀರು ಇದೆ. ಕೈ ಒಣಗದಿರಲಿ ಎಂದು ಹಾಕುವ ಗ್ಲಿಸರಿನ್ ಪಿನ್ ಮೇಲೆ ಅಂಟಾಗಿ ಉಳಿಯುತ್ತದೆ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜೆಲ್ ಆದರೆ ಇನ್ನೂ ಕೆಟ್ಟದ್ದು. ಕೆಲವು ಸರ್ಜಿಕಲ್ ಸ್ಪಿರಿಟ್‌ಗಳಲ್ಲೂ ಚರ್ಮಕ್ಕೆಂದು ಎಣ್ಣೆ ಸೇರಿಸಿರುತ್ತಾರೆ.

4. ‘ಟೂತ್‌ಪೇಸ್ಟ್, ಹುಣಸೆಹಣ್ಣು, ನಿಂಬೆ ಉಪ್ಪು ಹಾಕಿ ಬೆಳಗಿ’

ತಪ್ಪು. ಹುಣಸೆಹಣ್ಣು ತಾಮ್ರದ ಚೊಂಬನ್ನು ಬೆಳಗುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ಅದರ ಹುಳಿ ಕಿಲುಬನ್ನು ಕರಗಿಸುತ್ತದೆ. ಆದರೆ ಚೊಂಬನ್ನು ನಾವು ಆಮೇಲೆ ನೀರಿನಲ್ಲಿ ತೊಳೆಯುತ್ತೇವೆ. ಆಂಪ್ಲಿಫೈಯರ್ ಅನ್ನು ತೊಳೆಯಲಾಗದು. ಒಳಗೆ ಉಳಿದ ಹುಳಿ ಮತ್ತು ಉಪ್ಪು ಲೋಹವನ್ನು ತಿನ್ನುತ್ತಲೇ ಇರುತ್ತವೆ. ಚೊಂಬು ಪೂರ್ತಿ ತಾಮ್ರ, ಎಷ್ಟು ಬೆಳಗಿದರೂ ಒಳಗೆ ತಾಮ್ರವೇ. ಪಿನ್ ಮೇಲಿನದು ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಲೇಪ. ಟೂತ್‌ಪೇಸ್ಟ್‌ನಲ್ಲಿರುವ ಉಜ್ಜುವ ಪುಡಿ, ಸ್ಯಾಂಡ್ ಪೇಪರ್, ಬ್ಲೇಡ್ ಇವು ಆ ಲೇಪವನ್ನು ಕೆರೆದು ಹಾಕುತ್ತವೆ. ಅಂದು ಪಳಪಳ ಹೊಳೆಯುತ್ತದೆ, ಮುಂದಿನ ಮಳೆಗಾಲಕ್ಕೆ ಮೊದಲಿಗಿಂತ ಬೇಗ ಕಪ್ಪಾಗುತ್ತದೆ.

5. ‘ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು’

ಹೊರಗಿನ ಡಬ್ಬಿಗೆ ಸರಿ, ಪಿನ್‌ಗೆ ಮತ್ತು ಒಳಭಾಗಕ್ಕೆ ಬೇಡ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಅಪರೂಪವಲ್ಲ. ಆ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆ ಎಲ್ಲರಿಗೂ ಗೊತ್ತು. ನೀರು ಆರಿದ ಮೇಲೆ ಅದೇ ಲವಣ ಪಿನ್ ಮೇಲೂ ಉಳಿಯುತ್ತದೆ.

6. ‘ಡಬ್ಲ್ಯೂಡಿ-40 ಹೊಡೆದರೆ ಎಲ್ಲಕ್ಕೂ ಮದ್ದು’

ಬೇರೆ ಕೆಲಸದ ವಸ್ತು. ಅಮೆರಿಕದಲ್ಲಿ 1953ರಲ್ಲಿ ತಯಾರಾದ ಇದರ ಹೆಸರಿನ ಅರ್ಥವೇ ನೀರನ್ನು ಹೊರದೂಡುವ 40ನೇ ಪ್ರಯತ್ನ ಎಂದು. ತುಕ್ಕು ಹಿಡಿದ ಬೋಲ್ಟ್, ಕಿರುಗುಟ್ಟುವ ಬಾಗಿಲಿಗೆ ಒಳ್ಳೆಯದು. ಆದರೆ ಮಾಮೂಲಿ ನೀಲಿ ಡಬ್ಬಿಯದು ಎಣ್ಣೆಯ ಪದರ ಉಳಿಸುತ್ತದೆ, ಕೊಬ್ಬರಿ ಎಣ್ಣೆಯಂತೆಯೇ ಧೂಳು ಹಿಡಿಯುತ್ತದೆ. ಅದೇ ಕಂಪನಿ ಕಾಂಟ್ಯಾಕ್ಟ್ ಕ್ಲೀನರ್ ಎಂದು ಬೇರೆಯದೇ ಡಬ್ಬಿ ಮಾರುತ್ತದೆ ಎನ್ನುವುದೇ ಇದಕ್ಕೆ ಸಾಕ್ಷಿ.

ಹಳೇ ಮೆಕ್ಯಾನಿಕ್‌ಗಳು ಬಳಸುತ್ತಿದ್ದ ‘ಸಿಟಿಸಿ’ ಏನಾಯಿತು?

ರೇಡಿಯೋ ರಿಪೇರಿ ಅಂಗಡಿಗಳ ಹಳಬರನ್ನು ಕೇಳಿದರೆ ‘ನಮ್ಮ ಕಾಲದಲ್ಲಿ ಸಿಟಿಸಿ ಇತ್ತು, ಒಂದು ತೊಟ್ಟಿಗೇ ಕ್ಲೀನ್’ ಎನ್ನಬಹುದು. ಅದು ಕಾರ್ಬನ್ ಟೆಟ್ರಾಕ್ಲೋರೈಡ್. ಜಿಡ್ಡನ್ನು ಚೆನ್ನಾಗಿ ಕರಗಿಸುತ್ತಿತ್ತು, ಬೆಂಕಿಯೂ ಹಿಡಿಯುತ್ತಿರಲಿಲ್ಲ. ಆದರೆ ಅದರ ಆವಿ ಯಕೃತ್ತು ಮತ್ತು ಮೂತ್ರಪಿಂಡಕ್ಕೆ ವಿಷ. ಮೇಲಾಗಿ ಓಝೋನ್ ಪದರವನ್ನೂ ಹಾಳು ಮಾಡುತ್ತದೆ. ಓಝೋನ್ ರಕ್ಷಣೆಗಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದಕ್ಕೆ 1990ರಲ್ಲಿ ತಂದ ತಿದ್ದುಪಡಿಯಲ್ಲಿ ಇದನ್ನೂ ಸೇರಿಸಲಾಯಿತು. ಭಾರತದಂಥ ದೇಶಗಳು 2010ರ ಹೊತ್ತಿಗೆ ಇಂಥ ಬಳಕೆಯನ್ನು ನಿಲ್ಲಿಸಬೇಕಿತ್ತು. ಹಳೇ ಬಾಟಲಿ ಎಲ್ಲಾದರೂ ಸಿಕ್ಕರೆ ಮೂಸಿ ನೋಡಬೇಡಿ, ಬಳಸಬೇಡಿ.

ಹಾಗಾದರೆ ಏನು ಹಾಕಬೇಕು?

ಮೊದಲ ಮದ್ದು ಏನೂ ಹಾಕದಿರುವುದು. ಇಂಥ ಭಾಗಗಳು ಒಂದರ ಮೇಲೊಂದು ಉಜ್ಜಿದಾಗ ತಮ್ಮನ್ನು ತಾವೇ ಒಂದಿಷ್ಟು ಸ್ವಚ್ಛ ಮಾಡಿಕೊಳ್ಳುತ್ತವೆ. ಬಳಸದೆ ಇಟ್ಟ ಸೆಟ್ ಕೆಡುವುದು, ದಿನಾ ಬಳಸುವ ಸೆಟ್ ಸರಿಯಿರುವುದು ಇದರಿಂದಲೇ.

ಅದು ಸಾಲದಿದ್ದರೆ ಎರಡು ವಸ್ತು ಸಾಕು.

ಪಿನ್, ಜ್ಯಾಕ್, ಟೇಪ್ ರೆಕಾರ್ಡರ್‌ನ ಹೆಡ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್. ಅಂಗಡಿಯಲ್ಲಿ ‘ಐಪಿಎ’ ಎಂದು ಕೇಳಿ. ಬಾಟಲಿಯ ಮೇಲೆ ಶೇ 99 ಎಂದಿರಲಿ, ಶೇ 70ರದ್ದರಲ್ಲಿ ಉಳಿದದ್ದು ನೀರು. ಇದಕ್ಕೂ ಬೆಂಕಿ ಹಿಡಿಯುತ್ತದೆ. ಸುಮಾರು 12 ಡಿಗ್ರಿಯಲ್ಲೇ ಇದರ ಆವಿ ಹೊತ್ತಿಕೊಳ್ಳಬಲ್ಲದು. ಹಾಗಾಗಿ ದೀಪ, ಬೀಡಿ, ಒಲೆ ಯಾವುದೂ ಹತ್ತಿರ ಇರಬಾರದು, ಕಿಟಕಿ ತೆರೆದಿರಬೇಕು.

ವಾಲ್ಯೂಮ್ ಕಂಟ್ರೋಲ್ ಮತ್ತು ಸ್ವಿಚ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಇದರಲ್ಲಿ ಎರಡು ಬಗೆ. ಒಂದು ಏನೂ ಉಳಿಸದೆ ಆರಿಹೋಗುತ್ತದೆ. ಇನ್ನೊಂದು ತೆಳುವಾದ ಜಾರಿಕೆಯ ಪದರ ಉಳಿಸುತ್ತದೆ. ತಿರುಗುವ ನಾಬ್‌ಗೆ ಎರಡನೆಯದು ಒಳ್ಳೆಯದು. ಬರೀ ಐಪಿಎ ಸುರಿದರೆ ಕಂಪನಿ ಹಾಕಿದ ಗ್ರೀಸ್ ಕೂಡ ತೊಳೆದುಹೋಗಿ ಕಾರ್ಬನ್ ಪಟ್ಟಿ ಬೇಗ ಸವೆಯುತ್ತದೆ. ಮಿಕ್ಸರ್‌ನ ಮೇಲೆ ಕೆಳಗೆ ಜಾರಿಸುವ ಗುಂಡಿಗೆ ಫೇಡರ್‌ಗೆಂದೇ ಮಾರುವ ಲೂಬ್ರಿಕೆಂಟ್ ಬೇರೆ ಇದೆ.

ಡಬ್ಬಿ ಕೊಳ್ಳುವಾಗ ‘ಪ್ಲಾಸ್ಟಿಕ್‌ಗೆ ಸುರಕ್ಷಿತ’ ಎಂದು ಬರೆದಿದೆಯೇ ನೋಡಿ.

ಮಾಡುವುದು ಹೇಗೆ?

1. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಹೊರಗಿಡಿ. ಬ್ಯಾಟರಿ ಇದ್ದರೆ ತೆಗೆಯಿರಿ.

2. ಎಲ್ಲ ನಾಬ್‌ಗಳನ್ನೂ ಪೂರ್ತಿ ಎಡದಿಂದ ಪೂರ್ತಿ ಬಲಕ್ಕೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಸ್ವಿಚ್‌ಗಳನ್ನು ಅಷ್ಟೇ ಸಲ ಒತ್ತಿ. ಜ್ಯಾಕ್‌ಗಳನ್ನು ಹಾಕಿ ತೆಗೆದು ಹತ್ತು ಸಲ ಮಾಡಿ. ಈಗ ಸೆಟ್ ಹಾಕಿ ನೋಡಿ. ಸರಿಯಾಗಿದ್ದರೆ ಇಲ್ಲಿಗೇ ನಿಲ್ಲಿಸಿ.

3. ಇನ್ನೂ ಸದ್ದು ಇದ್ದರೆ ಮತ್ತೆ ಪ್ಲಗ್ ಕಿತ್ತು ಪಿನ್‌ಗಳನ್ನು ಐಪಿಎಯಲ್ಲಿ ಅದ್ದಿ ಹಿಂಡಿದ ಕಿವಿಕಡ್ಡಿಯಿಂದ ಒರೆಸಿ. ಹತ್ತಿ ಕಪ್ಪಾದರೆ ಹೊಸದು ತೆಗೆದುಕೊಳ್ಳಿ.

4. ವಾಲ್ಯೂಮ್ ಕಂಟ್ರೋಲ್‌ಗೆ ಕ್ಲೀನರ್ ಹಾಕಲು ಡಬ್ಬಿ ಬಿಚ್ಚಬೇಕಾಗುತ್ತದೆ. ನಾಬ್‌ನ ಮುಂದಿನಿಂದ ಹೊಡೆದರೆ ಒಳಗಿನ ಪಟ್ಟಿಗೆ ತಲುಪುವುದು ಕಡಿಮೆ. ಬಿಚ್ಚಿ ಅಭ್ಯಾಸವಿಲ್ಲದಿದ್ದರೆ ಮೆಕ್ಯಾನಿಕ್ ಕೈಗೆ ಕೊಡಿ. ಹೊಸ ಸೆಟ್‌ಗಳ ಪವರ್ ಸಪ್ಲೈ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಕೂಡಿಟ್ಟಿರಬಹುದು, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಅದು ಇಳಿಯದೆ ಇರಬಹುದು. ಹಳೇ ವಾಲ್ವ್ ಸೆಟ್‌ಗಳಲ್ಲೂ ಇದೇ ಅಪಾಯ. ವಾಲ್ವ್ ಸೆಟ್ ಅನ್ನು ಮನೆಯಲ್ಲಿ ಬಿಚ್ಚಲೇಬಾರದು.

5. ಬಿಚ್ಚಲು ಗೊತ್ತಿರುವವರು ಕಂಟ್ರೋಲ್‌ನ ಮೂರು ಕಾಲುಗಳ ಹತ್ತಿರ ಇರುವ ಸಂದಿಗೆ ಸ್ಪ್ರೇಯ ಸಣ್ಣ ನಳಿಕೆ ಇಟ್ಟು ಒಮ್ಮೆ ಚುಟುಕಾಗಿ ಒತ್ತಬೇಕು. ನೀರು ಸುರಿದಂತೆ ಸುರಿಯಬಾರದು. ಕೂಡಲೇ ನಾಬ್ ಇಪ್ಪತ್ತು ಮೂವತ್ತು ಸಲ ತಿರುಗಿಸಬೇಕು.

6. ಕನಿಷ್ಠ ಅರ್ಧ ಗಂಟೆ ತೆರೆದಿಟ್ಟು ಆರಲು ಬಿಡಿ. ವಾಸನೆ ಪೂರ್ತಿ ಹೋದ ಮೇಲೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು ಸೆಟ್ ಹಾಕಿ.

ಮೈಕ್ ಸೆಟ್‌ನವರಿಗೆ ಇನ್ನೊಂದು ಎಚ್ಚರಿಕೆ. ಹಾರ್ನ್‌ಗಳಿಗೆ ಉದ್ದದ ಲೈನ್ ಎಳೆಯುವ ಆಂಪ್ಲಿಫೈಯರ್‌ಗಳಲ್ಲಿ 100 ವೋಲ್ಟ್ ಅಥವಾ 70 ವೋಲ್ಟ್ ಎಂದು ಬರೆದ ಸ್ಪೀಕರ್ ಟರ್ಮಿನಲ್ ಇರುತ್ತದೆ. ಪೂರ್ತಿ ಸದ್ದಿನಲ್ಲಿ ಅಲ್ಲಿ ನಿಜಕ್ಕೂ ಅಷ್ಟು ವೋಲ್ಟ್ ಬರಬಹುದು. ‘ಸ್ಪೀಕರ್ ವೈರ್ ತಾನೇ’ ಎಂದು ಹಾಡು ನಡೆಯುವಾಗ ಕೈ ಹಾಕಬೇಡಿ.

ರೇಡಿಯೋದಲ್ಲಿ ಸೆಲ್ ಸೋರಿದ್ದರೆ?

ಇಲ್ಲಿ ಮಾತ್ರ ಹುಳಿಗೆ ಒಂದು ಸಣ್ಣ ಕೆಲಸ ಇದೆ, ಅದೂ ಎಲ್ಲ ಸೆಲ್‌ಗೂ ಅಲ್ಲ. ಮೇಲೆ ‘ಆಲ್ಕಲೈನ್’ ಎಂದು ಬರೆದ ಸೆಲ್ ಸೋರಿದರೆ ಹೊರಬರುವುದು ಕ್ಷಾರ. ಕಿವಿಕಡ್ಡಿಗೆ ಒಂದೆರಡು ತೊಟ್ಟು ವಿನೆಗರ್ ಹಚ್ಚಿ ಆ ಬಿಳಿ ಪುಡಿಯನ್ನು ಒರೆಸಬಹುದು. ಅಗ್ಗದ ಮಾಮೂಲಿ ಸೆಲ್‌ಗಳಲ್ಲಿರುವುದು ಹುಳಿ ಗುಣದ ಲವಣ. ಅದಕ್ಕೆ ವಿನೆಗರ್ ಬೇಡ, ಸ್ವಲ್ಪವೇ ಒದ್ದೆ ಮಾಡಿದ ಕಿವಿಕಡ್ಡಿ ಸಾಕು. ಎರಡರಲ್ಲೂ ಕೊನೆಗೆ ಐಪಿಎಯಿಂದ ಒರೆಸಿ ಪೂರ್ತಿ ಆರಿಸಬೇಕು. ಕೈಗೆ ಗ್ಲೌಸ್ ಇರಲಿ, ಆ ಕೈ ಕಣ್ಣಿಗೆ ತಾಗದಿರಲಿ, ಮಕ್ಕಳ ಕೈಗೆ ಕೊಡಬೇಡಿ. ಬಳಸದ ರೇಡಿಯೋದಿಂದ ಸೆಲ್ ತೆಗೆದಿಡುವುದೇ ಎಲ್ಲಕ್ಕಿಂತ ಸುಲಭದ ಉಪಾಯ.

ಎಲ್ಲ ಸದ್ದೂ ಕೊಳೆಯಲ್ಲ

ಏನು ಒರೆಸಿದರೂ ಹೋಗದ ಸದ್ದುಗಳಿವೆ. ಕಿವಿಯಿಂದಲೇ ಗುರುತಿಸಬಹುದು.

ನಾಬ್ ತಿರುಗಿಸಿದಾಗ ಮಾತ್ರ ಕರಕರ: ಕೊಳೆ. ಮೇಲಿನ ವಿಧಾನ ಅನ್ವಯಿಸುತ್ತದೆ.

ಕ್ಲೀನ್ ಮಾಡಿದ ಕೆಲವೇ ದಿನಕ್ಕೆ ಮತ್ತೆ ಅದೇ ಕರಕರ: ಪಟ್ಟಿ ಸವೆದಿರಬಹುದು, ಇಲ್ಲವೇ ಒಳಗಿನ ಕೆಪಾಸಿಟರ್ ಸೋರಿ ಕಂಟ್ರೋಲ್‌ಗೆ ಡಿಸಿ ಕರೆಂಟ್ ಬರುತ್ತಿರಬಹುದು. ಮೆಕ್ಯಾನಿಕ್ ನೋಡಬೇಕು.

ವೈರ್ ಅಲುಗಿಸಿದರೆ ಬಂದು ಹೋಗುವ ಸದ್ದು: ವೈರ್ ಒಳಗೆ ಮುರಿದಿದೆ, ಇಲ್ಲವೇ ಬೆಸುಗೆ ಬಿಟ್ಟಿದೆ. ಕ್ಲೀನರ್‌ನಿಂದ ಉಪಯೋಗವಿಲ್ಲ.

ಸದಾ ‘ಗುಂಯ್’ ಎನ್ನುವ ಸದ್ದು: ಅರ್ಥಿಂಗ್ ದೋಷ ಅಥವಾ ಪವರ್ ಸಪ್ಲೈ ದೋಷ.

ಇದ್ದಕ್ಕಿದ್ದಂತೆ ‘ಕೂಯ್’ ಎಂದು ಕೂಗು: ಸ್ಪೀಕರ್‌ನ ಸದ್ದು ಮತ್ತೆ ಮೈಕ್‌ಗೆ ಹೋಗುತ್ತಿದೆ. ಮೈಕ್ ಅನ್ನು ಸ್ಪೀಕರ್‌ನ ಹಿಂದಕ್ಕೆ ಸರಿಸಿ, ವಾಲ್ಯೂಮ್ ಇಳಿಸಿ.

ಮೈಕ್ ಜುಮ್ ಎಂದರೆ ಒರೆಸಬೇಡಿ

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಹಂಚುವುದಾದರೆ ಇದನ್ನು ಹಂಚಿ. ಮೈಕ್ ಮುಟ್ಟಿದಾಗ, ತುಟಿಗೆ ತಾಗಿದಾಗ ಜುಮ್ ಎಂದರೆ ‘ಪಿನ್ ಕೊಳೆಯಾಗಿದೆ, ಒರೆಸಿ’ ಎಂದೋ, ‘ಮೈಕ್‌ಗೆ ಬಟ್ಟೆ ಸುತ್ತಿಕೊಂಡು ಹಾಡಿ’ ಎಂದೋ ಹೇಳುವವರಿದ್ದಾರೆ. ಎರಡೂ ತಪ್ಪು. ಅದರ ಅರ್ಥ, ಬರಬಾರದ ಕರೆಂಟ್ ಮೈಕ್‌ನ ಲೋಹದ ಮೈಗೆ ಬರುತ್ತಿದೆ. ಅದನ್ನು ನೆಲಕ್ಕೆ ಒಯ್ಯಬೇಕಾದ ಅರ್ಥ್ ವೈರ್ ಇಲ್ಲ, ಅಥವಾ ಕಡಿದಿದೆ.

1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿ ನಗರದಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ಅರ್ಥ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ಸತ್ತರು. ದೊಡ್ಡ ತಂಡ, ದೊಡ್ಡ ನಗರ. ಅಲ್ಲಿ ಆದದ್ದು ಎಲ್ಲಿಯೂ ಆಗಬಹುದು. ನಮ್ಮಲ್ಲಿ ಹಬ್ಬದ ದಿನ ಮೈಕ್ ಹಿಡಿಯುವವರು ಬರಿಗಾಲಿನಲ್ಲಿರುತ್ತಾರೆ. ದೇವಸ್ಥಾನದ ಮುಂದೆ ನೀರು ಹಾಕಿ ಸಾರಿಸಿದ ನೆಲ, ತೀರ್ಥ ತೆಗೆದುಕೊಂಡ ಒದ್ದೆ ಕೈ. ಒದ್ದೆ ಮೈಯಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ. ಬಲ್ಬ್ ಉರಿಸಲೂ ಸಾಲದಷ್ಟು ಸಣ್ಣ ಕರೆಂಟ್ ಹೃದಯವನ್ನು ನಿಲ್ಲಿಸಬಲ್ಲದು.

ಆದ್ದರಿಂದ, ಜುಮ್ ಎಂದ ಕೂಡಲೇ ಸೆಟ್‌ನ ಪ್ಲಗ್ ಕೀಳಿಸಿ. ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ ಮುರಿದು ಎರಡರಲ್ಲೇ ನಡೆಸುತ್ತಿದ್ದಾರೆಯೇ, ಪ್ಲಗ್ ಇಲ್ಲದೆ ಬರೀ ವೈರ್ ತುದಿಗಳನ್ನು ಕಡ್ಡಿಯಿಂದ ಸಿಕ್ಕಿಸಿದ್ದಾರೆಯೇ ನೋಡಿ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಪರೀಕ್ಷಿಸುವವರೆಗೆ ಆ ಸೆಟ್ ಬೇಡ. ಮಂದಿರದ ವೈರಿಂಗ್‌ಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಕರೆಂಟ್ ಸೋರಿದ ಕ್ಷಣಾರ್ಧದಲ್ಲಿ ಅದು ಸಪ್ಲೈ ಕಡಿಯುತ್ತದೆ. ಕಂಬದಿಂದ ನೇರವಾಗಿ ಕೊಕ್ಕೆ ಹಾಕಿ ಕರೆಂಟ್ ತೆಗೆದುಕೊಳ್ಳಬೇಡಿ. ಲೈನ್‌ನಲ್ಲಿ ದೋಷ ಕಂಡರೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ. ಯಾರಿಗಾದರೂ ಷಾಕ್ ಹೊಡೆಯುತ್ತಿದ್ದರೆ ಅವರನ್ನು ಮುಟ್ಟುವ ಮೊದಲು ಕರೆಂಟ್ ತೆಗೆಯಿರಿ. ಆಮೇಲೆ 108ಕ್ಕೆ ಕರೆ ಮಾಡಿ.

ಮೊಬೈಲ್ ಚಾರ್ಜಿಂಗ್ ಕಿಂಡಿಗೂ ಇದೇ ನಿಯಮವೇ?

ಹೌದು, ತತ್ವ ಒಂದೇ. ಚಾರ್ಜರ್ ಪಿನ್ ಪೂರ್ತಿ ಒಳಗೆ ಹೋಗುತ್ತಿಲ್ಲ ಎಂದರೆ ಹೆಚ್ಚಾಗಿ ಜೇಬಿನ ನೂಲಿನ ಹುಡಿ ತಳದಲ್ಲಿ ಕೂತಿರುತ್ತದೆ. ಫೋನ್ ಆಫ್ ಮಾಡಿ, ಒಣಗಿದ ಮರದ ಟೂತ್‌ಪಿಕ್‌ನಿಂದ ನಿಧಾನವಾಗಿ ಹೊರಗೆಳೆಯಿರಿ. ಸೇಫ್ಟಿ ಪಿನ್, ಸೂಜಿ ಬೇಡ. ಕಿಂಡಿಗೆ ಸ್ಯಾನಿಟೈಸರ್ ಆಗಲಿ, ಯಾವುದೇ ಸ್ಪ್ರೇ ಆಗಲಿ ನೇರವಾಗಿ ಹೊಡೆಯಬೇಡಿ.

ಮತ್ತೆ ಕರಕರ ಬರದಿರಲು

ತಿಂಗಳಿಗೊಮ್ಮೆ ಸೆಟ್ ಹೊರತೆಗೆದು ಎಲ್ಲ ನಾಬ್‌ಗಳನ್ನೂ ಹತ್ತು ಸಲ ತಿರುಗಿಸಿ, ಒಂದು ಹಾಡು ಹಾಕಿ. ಹತ್ತಿ ಬಟ್ಟೆ ಮುಚ್ಚಿಡಿ. ಒದ್ದೆಯಾದ ಸೆಟ್ ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತೇವ ಒಳಗೇ ಉಳಿಯುತ್ತದೆ. ದೀಪದ ಮಸಿ, ಊದುಬತ್ತಿ ಹೊಗೆ ತಾಗುವ ಜಾಗದಿಂದ ದೂರ ಇಡಿ. ಖರ್ಚು ಸೊನ್ನೆ.

ಹಂಚುವುದಾದರೆ ಇದನ್ನು ಹಂಚಿ

‘ಮೈಕ್ ಸೆಟ್, ರೇಡಿಯೋ ಕರಕರ ಎಂದರೆ ಮೊದಲು ಪ್ಲಗ್ ಕಿತ್ತು ನಾಬ್ ಮೂವತ್ತು ಸಲ ತಿರುಗಿಸಿ. ಎಣ್ಣೆ, ಪೆಟ್ರೋಲ್, ಸ್ಯಾನಿಟೈಸರ್, ಹುಣಸೆಹಣ್ಣು, ಟೂತ್‌ಪೇಸ್ಟ್ ಬೇಡ. ಬೇಕಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ, ಅರ್ಧ ಗಂಟೆ ಆರಲು ಬಿಡಿ. ಮೈಕ್ ಜುಮ್ ಎಂದರೆ ಅದು ಕೊಳೆಯಲ್ಲ, ಪ್ರಾಣಾಪಾಯ. ಸೆಟ್ ಆಫ್ ಮಾಡಿ, ಅರ್ಥಿಂಗ್ ಸರಿಮಾಡಿಸಿ.’